ಆಷಾಢದ ರೇಷ್ಮೆ ಸೀರೆ

ತಿಂಗಳಿಗೊಮ್ಮೆ, ವಾರದ ನಡುವಿನ ಒಂದು ಬೆಳಿಗ್ಗೆ, ನಾನು ಕುರುಗೋಡಿನ ಬಸ್ ನಿಲ್ದಾಣದಲ್ಲಿ ಜರಿಯಂಚಿನ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ನಿಂತಿರುತ್ತಿದ್ದೆ. ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು, "ಯಾರ್ದವ್ವಾ ಮದುವಿ?" ನನ್ನ ಬಳಿ ಉತ್ತರ ಸಿದ್ಧವಿರುತ್ತಿತ್ತು. ಸೋದರತ್ತೆಯ ಕಡೆಯವರದು, ಹುಡುಗಿ ರಾರಾವಿಯವಳು, ಗಂಡಿನವರು ಬಳ್ಳಾರಿಯಲ್ಲೇ ಛತ್ರ ಹಿಡಿದಿದ್ದಾರೆ. ಹೀಗೆ ಆ ವರ್ಷ ಮಾಘದಿಂದ ಜ್ಯೇಷ್ಠದವರೆಗೆ ಭೂಮಿಯ ಮೇಲೆ ಇಲ್ಲದ ಜೋಡಿಗಳಿಗೆಲ್ಲ ನಾನು ಮದುವೆ ಮಾಡಿಸಿದೆ. ನಿಜವಾಗಿ ಹೋಗುತ್ತಿದ್ದದ್ದು ಕಂಟೋನ್ಮೆಂಟಿನಲ್ಲಿದ್ದ ಒಬ್ಬ ಮನೋವೈದ್ಯೆಯ ಬಳಿಗೆ. ನಮ್ಮ ಕಡೆ ಅಂಥವರಿಗೆ ತಲೆ ಡಾಕ್ಟರ್ ಎನ್ನುತ್ತಾರೆ. ಆ ಮಾತು ನನ್ನ ಹೆಸರಿನ ಪಕ್ಕ ಬರಬಾರದೆಂದು ಅಷ್ಟು ಜರಿ ಹೊತ್ತುಕೊಂಡು ಓಡಾಡುತ್ತಿದ್ದೆ.

ಏನಾಗಿತ್ತು ಎಂದು ಕೇಳಿದರೆ ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಗಂಡನದು ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ಕುಡಿಯುವವರಲ್ಲ, ಕೈ ಎತ್ತುವವರಲ್ಲ. ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿ ಓದುತ್ತಿದ್ದರು. ಮೂರು ಹೊತ್ತು ಊಟಕ್ಕೆ ತೊಂದರೆಯಿಲ್ಲ, ಮೇಲೆ ಫ್ಯಾನು, ಮುಂದೆ ಟೀವಿ. ಕೊರಗುವುದಕ್ಕೊಂದು ಕಾರಣ ಬೇಕಲ್ಲ, ಅದೊಂದೇ ಇರಲಿಲ್ಲ. ಹೊಲದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಮೆಣಸಿನಕಾಯಿ ಬಿಡಿಸುವ ಹೆಂಗಸರು ಸಂಜೆ ಟ್ರ್ಯಾಕ್ಟರಿನಲ್ಲಿ ನಗುತ್ತಾ ಹೋಗುತ್ತಿದ್ದರೆ ನಾನು ಕಿಟಕಿಯಿಂದ ನೋಡಿ ಅಳುತ್ತಿದ್ದೆ. ಕಾರಣವಿದ್ದವರ ದುಃಖಕ್ಕಾದರೂ ಒಂದು ಮರ್ಯಾದೆ ಇರುತ್ತದೆ ಎಂದು ಆಗ ಅನಿಸುತ್ತಿತ್ತು. ನನ್ನದು ಬರೀ ಕೊಬ್ಬು ಎಂದು ನಾನೇ ನನಗೆ ಬೈದುಕೊಳ್ಳುತ್ತಿದ್ದೆ.

ಶುರುವಾದದ್ದು ಬಟ್ಟೆಯಿಂದ. ದಸರಾ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಎದ್ದವಳು ನೈಟಿ ಬದಲಾಯಿಸಲಿಲ್ಲ. ಬಳ್ಳಾರಿ ಸೀಮೆಯ ಸೆಕೆಯಲ್ಲಿ ನೈಟಿ ಹಾಕದ ಹೆಂಗಸಿಲ್ಲ, ಅದರಲ್ಲೇನೂ ತಪ್ಪಿಲ್ಲ. ಆದರೆ ನಮ್ಮ ಓಣಿಯಲ್ಲಿ ಅದಕ್ಕೊಂದು ಕಟ್ಟುಪಾಡಿದೆ. ಮುಂಜಾನೆಯ ಕೆಲಸ ಮುಗಿಯುವವರೆಗೆ ನೈಟಿ, ಆಮೇಲೆ ಸ್ನಾನ, ಸೀರೆ. ನಡುವೆ ಯಾರಾದರೂ ಬಾಗಿಲು ಬಡಿದರೆ ಹೆಗಲ ಮೇಲೊಂದು ಟವೆಲ್ ಹೊದ್ದುಕೊಂಡರೆ ಸಾಕು, ಮಾನ ಮುಚ್ಚಿದ ಹಾಗೆ. ನಾನು ಮೊದಲು ಸ್ನಾನವನ್ನು ಮಧ್ಯಾಹ್ನಕ್ಕೆ ತಳ್ಳಿದೆ, ಆಮೇಲೆ ನಾಳೆಗೆ. ಕಂದು ಬಣ್ಣದ ಒಂದು ನೈಟಿ, ಮುಂದಿನ ಜಿಪ್ಪು ಕಿತ್ತುಹೋಗಿ ಪಿನ್ನು ಚುಚ್ಚಿಕೊಂಡದ್ದು, ಅದರಲ್ಲೇ ಏಳುತ್ತಿದ್ದೆ, ಅದರಲ್ಲೇ ಮಲಗುತ್ತಿದ್ದೆ. ಕೊನೆಗೆ ಟವೆಲ್ಲಿನ ಕೆಲಸವೂ ತಪ್ಪಿತು, ಯಾಕೆಂದರೆ ಬಾಗಿಲು ತೆರೆಯುವುದನ್ನೇ ಬಿಟ್ಟೆ. ಹಾಲಿನವನು ಪಾಕೀಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಗಂಡ ಒಂದು ದಿನ ಅಂಗಡಿ ಬಾಗಿಲು ಹಾಕಿಕೊಂಡು ಬಂದು ನನ್ನ ಮುಂದೆ ಕುಳಿತರು. ಬಳ್ಳಾರಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಅಂಗಡಿಗೆ ಬರುವ ಒಬ್ಬರ ಹೆಂಡತಿಗೆ ಅಲ್ಲಿ ಗುಣವಾಗಿದೆ ಎಂದರು. ಹೇಳುವಾಗ ದನಿ ತಗ್ಗಿಸಿದರು, ಮನೆಯಲ್ಲಿ ನಾವಿಬ್ಬರೇ ಇದ್ದರೂ. "ನಾನೂ ಬರ್ತೀನಿ ಜೋಡಿಗೆ" ಎಂದರು. ಬೇಡ ಎಂದೆ. ಗಂಡ ಹೆಂಡತಿ ಇಬ್ಬರೂ ಕೆಲಸದ ದಿನ ಮುಖ ಇಳಿಸಿಕೊಂಡು ಬಸ್ ಹತ್ತಿದರೆ ಊರಿಗೆ ಡಂಗುರ ಹೊಡೆದಂತೆ. ಒಬ್ಬಳೇ ಹೋಗುವುದಾದರೆ ಒಂದು ನೆವ ಬೇಕು, ನೆವಕ್ಕೆ ತಕ್ಕ ಬಟ್ಟೆ ಬೇಕು. ರೇಷ್ಮೆ ಸೀರೆಯ ಉಪಾಯ ನನ್ನದೇ, ಅದನ್ನು ಅವರ ತಲೆಗೆ ಕಟ್ಟುವುದಿಲ್ಲ.

ಈ ಬುದ್ಧಿ ನನಗೆ ತವರಿನಿಂದ ಬಂದದ್ದು. ನನ್ನ ತವರು ಸಿರುಗುಪ್ಪ. ಅಕ್ಕಿ ಗಿರಣಿಗಳ ಬೂದಿ ಹಾರಿ ಬಂದು ಮಾಳಿಗೆಯ ಮೇಲೆ ಒಣಗಲು ಹಾಕಿದ ಬಟ್ಟೆಗಳ ಮೇಲೆ ಕೂರುವ ಊರು. ಅವ್ವನಿಗೆ ಬಟ್ಟೆ ಎಂದರೆ ಎರಡೇ ಜಾತಿ. ಮಂದಿಯ ಮುಂದಿನದು, ಮನೆಯೊಳಗಿನದು. ಮನೆಯೊಳಗೆ ಆಕೆ ಸೆರಗು ಹರಿದು ಗಂಟು ಹಾಕಿದ ಸೀರೆ ಉಡುತ್ತಿದ್ದಳು. ಎಲ್ಲಿಗಾದರೂ ಹೋಗಿ ಬಂದರೆ ಚಪ್ಪಲಿ ಬಿಟ್ಟ ಕೂಡಲೇ, ನೀರು ಕೂಡ ಕುಡಿಯದೆ, ಒಳ್ಳೆಯ ಸೀರೆ ಬಿಚ್ಚಿ ಮಡಚಿ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದಳು. "ಮನ್ಯಾಗ ಯಾರ್ ನೋಡ್ತಾರ? ಸುಮ್ಮನ ಸೀರಿ ಸವೀತೈತಿ" ಎನ್ನುವಳು. ಮನೆಯಲ್ಲಿ ನಾವು ಐದು ಜನ ನೋಡುತ್ತಿದ್ದೆವು, ಅದು ಲೆಕ್ಕಕ್ಕಿಲ್ಲ. ನಾನು ದೊಡ್ಡವಳಾಗಿ ಮದುವೆಯಾಗಿ ಕುರುಗೋಡಿಗೆ ಬಂದರೂ ಆ ಲೆಕ್ಕವನ್ನು ಬದಲಾಯಿಸಲಿಲ್ಲ.

ಡಾಕ್ಟರ ಆಸ್ಪತ್ರೆ ಕಂಟೋನ್ಮೆಂಟಿನ ಒಂದು ಹಳೆಯ ಮನೆಯಲ್ಲಿತ್ತು. ಎತ್ತರದ ಮಾಡು, ದೊಡ್ಡ ಕಾಂಪೌಂಡು, ಒಂದು ಬೇವಿನ ಮರ. ವರಾಂಡದ ಬೆಂಚುಗಳ ಮೇಲೆ ಕುಳಿತವರೆಲ್ಲ ಮನೆಯಲ್ಲಿದ್ದ ಬಟ್ಟೆಯಲ್ಲೇ ಬಂದಿದ್ದರು. ನಡುವೆ ನಾನೊಬ್ಬಳು ಛತ್ರದ ದಾರಿ ತಪ್ಪಿದವಳಂತೆ ಕುಳಿತೆ. ಚೀಟಿ ಬರೆಯುವ ಹುಡುಗಿ ನನ್ನನ್ನು ನೋಡಿ, "ಪೇಷಂಟ್ ಎಲ್ಲಿ ಅದಾರ್ರಿ ಅಮ್ಮಾರ?" ಎಂದಳು. ನಾನೇ ಎನ್ನುವಾಗ ನಾಚಿಕೆಯಾಯಿತು, ನಿಜ. ಆದರೆ ಆಕೆ ಹಾಗೆ ಕೇಳಿದ್ದು ಒಳಗೊಳಗೆ ಖುಷಿ ಕೊಟ್ಟಿತು. ಅಲ್ಲಿ ಕುಳಿತಿದ್ದ ಯಾರಂತೆಯೂ ನಾನಿಲ್ಲ ಎಂದುಕೊಂಡೆ. ಎಂಥ ಹೊಲಸು ಖುಷಿ ಅದು.

ಡಾಕ್ಟರು ನಲವತ್ತರ ಆಚೀಚಿನ ಹೆಂಗಸು, ನಿಧಾನ ಮಾತಿನವರು. ಮೊದಲ ಸಲ ಒಂದಿಷ್ಟು ನಿಜ ಹೇಳಿದೆ. ನಿದ್ದೆಯಿಲ್ಲ, ಅಳು ಬರುತ್ತದೆ, ಅಡಿಗೆಮನೆಗೆ ಹೋದರೆ ಕೈಕಾಲು ಬಿದ್ದುಹೋದ ಹಾಗಾಗುತ್ತದೆ ಎಂದೆ. ನೈಟಿಯ ವಿಷಯ ಹೇಳಲಿಲ್ಲ, ಸ್ನಾನದ ವಿಷಯ ಹೇಳಲಿಲ್ಲ. ಅವರು ಮಾತ್ರೆ ಬರೆದುಕೊಟ್ಟರು. ಮುಂದಿನ ತಿಂಗಳು ಇನ್ನೂ ಭಾರಿ ಸೀರೆ ಉಟ್ಟು ಹೋದೆ. ನನ್ನನ್ನು ನೋಡಿದೊಡನೆ ಅವರ ಮುಖ ಅರಳಿತು.

"ನೋಡಿ, ಎಷ್ಟು ಚೆನ್ನಾಗಿದ್ದೀರಿ! ಇಷ್ಟು ಅಚ್ಚುಕಟ್ಟಾಗಿ ಸಿದ್ಧವಾಗಿ ಬಂದಿದ್ದೀರಲ್ಲ, ಇದೇ ದೊಡ್ಡ ಸುಧಾರಣೆ. ಮನಸ್ಸು ಕುಗ್ಗಿದವರು ಮೊದಲು ಕೈಬಿಡುವುದೇ ಬಟ್ಟೆಬರೆಯನ್ನು. ದಿನಾಲೂ ಬೆಳಿಗ್ಗೆ ಹೀಗೇ ನಿಮಗೆ ಹಿತವೆನಿಸುವ ಬಟ್ಟೆ ಹಾಕಿಕೊಳ್ಳಿ. ಬಟ್ಟೆ ಮನಸ್ಸನ್ನೂ ಸ್ವಲ್ಪ ಎಬ್ಬಿಸುತ್ತದೆ."

"ಹೌದ್ರಿ, ಈಗ ಆರಾಮ ಅದೀನಿ" ಎಂದೆ. ಪರೀಕ್ಷೆಯಲ್ಲಿ ಪಾಸಾದ ಹಾಗಾಯಿತು. ಒಳ್ಳೆಯ ರೋಗಿ ಎನಿಸಿಕೊಳ್ಳುವ ಆಸೆಗೆ ಬಿದ್ದೆ. ಅವರು ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ, ನಿದ್ದೆ ಬರುತ್ತಿದೆ, ಹಸಿವಾಗುತ್ತಿದೆ, ಓಣಿಯವರ ಜೊತೆ ಮಾತಾಡುತ್ತೇನೆ. ತಿಂಗಳು ತಿಂಗಳಿಗೆ ನನ್ನ ಸೀರೆಗಳು ಹೊಳೆಯುತ್ತಾ ಹೋದವು, ಅವರು ನಂಬುತ್ತಾ ಹೋದರು, ಮಾತ್ರೆ ಕಡಿಮೆಯಾಗುತ್ತಾ ಬಂತು. ಅವರ ತಪ್ಪೇನಿದೆ? ಕಣ್ಣಿಗೆ ಕಂಡದ್ದನ್ನು, ನನ್ನ ಬಾಯಿಂದ ಕೇಳಿದ್ದನ್ನು ನಂಬಿದರು.

ಮನೆಗೆ ಬಂದ ಕೂಡಲೇ ಅವ್ವನ ಹಾಗೆ ಸೀರೆ ಬಿಚ್ಚಿ ಮಡಚುತ್ತಿದ್ದೆ. ಮಾತ್ರೆಯ ಪಾಕೀಟನ್ನು ಸೆರಗಿನ ಮರೆಯಲ್ಲಿ ಒತ್ತಿ ಹಿಡಿದು ತಂದಿರುತ್ತಿದ್ದೆ, ಅದು ಅಕ್ಕಿ ಡಬ್ಬಿಯ ಹಿಂದೆ ಸೇರುತ್ತಿತ್ತು. ಆಮೇಲೆ ಅದೇ ಕಂದು ನೈಟಿ, ಅದೇ ಪಿನ್ನು, ಮುಂದಿನ ತಿಂಗಳವರೆಗೆ. ಆ ಒಂದು ದಿನದ ಶೃಂಗಾರಕ್ಕೆ ಎಷ್ಟು ಶಕ್ತಿ ಬೇಕಾಗುತ್ತಿತ್ತೆಂದರೆ ಮರುದಿನ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಮಾತ್ರೆ ಕಡಿಮೆಯಾದಷ್ಟೂ ಏಳಲಾಗದ ದಿನಗಳು ಹೆಚ್ಚಾದವು. ಬೇಸಿಗೆಯ ಕೊನೆಯ ಹೊತ್ತಿಗೆ ತಲೆ ಬಾಚುವುದನ್ನೂ ಬಿಟ್ಟಿದ್ದೆ. ಬಾವಿ, ಕೆರೆ, ಫ್ಯಾನು ಇವುಗಳನ್ನು ನೋಡಿದಾಗ ಬರಬಾರದ ಯೋಚನೆಗಳು ಬರುತ್ತಿದ್ದವು. ಅದನ್ನೂ ಡಾಕ್ಟರಿಗೆ ಹೇಳಲಿಲ್ಲ. ಅಷ್ಟು ಒಳ್ಳೆಯ ಸೀರೆ ಉಟ್ಟುಕೊಂಡು ಅಂಥ ಮಾತನ್ನು ಹೇಗೆ ಹೇಳುವುದು?

ಇಲ್ಲಿ ಎದುರುಮನೆಯಾಕೆಯ ವಿಷಯ ಹೇಳಬೇಕು. ಅರವತ್ತರ ಹತ್ತಿರದವಳು, ಹಣೆಯ ಮೇಲೆ ಢಾಳಾದ ವಿಭೂತಿ, ಓಣಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಕೂಗಿತು ಎನ್ನುವುದೂ ಆಕೆಗೆ ಗೊತ್ತು. ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಬಳ್ಳಾರಿಯಿಂದ ಬರುವ ಹೊತ್ತಿಗೆ ಸರಿಯಾಗಿ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. "ಮದುವಿ ಚಂದ ಆತೇನು? ಊಟಕ್ಕ ಏನ್ ಮಾಡಿಸಿದ್ರು?" ಎಂದು ಕೇಳುವಳು. ಊಟದ ವಿಷಯದಲ್ಲಿ ನಾನು ಜಿಪುಣತನ ಮಾಡಲಿಲ್ಲ. ಒಮ್ಮೆ ಹೋಳಿಗೆ, ಒಮ್ಮೆ ಗೋಧಿ ಹುಗ್ಗಿ, ಒಮ್ಮೆ ಬದನೆಕಾಯಿ ಎಣ್ಣೆಗಾಯಿಗೆ ಉಪ್ಪು ಜಾಸ್ತಿಯಾಗಿತ್ತು ಎಂದೂ ಹೇಳಿದೆ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದೆ ನಿಂತು ಇಷ್ಟೆಲ್ಲ ಬಡಿಸುತ್ತಿದ್ದೆ. ಆಕೆ ಹೂಂ ಹೂಂ ಎಂದು ಕೇಳಿ, ನನ್ನ ಕೈಗಳನ್ನೊಮ್ಮೆ ನೋಡಿ ಸುಮ್ಮನಾಗುತ್ತಿದ್ದಳು.

ಹೀಗಿರುವಾಗ ಬಂದದ್ದು ಆಷಾಢ.

ಡಾಕ್ಟರು ಕೊಟ್ಟ ದಿನ ಆಷಾಢದಲ್ಲಿ ಬೀಳುತ್ತದೆ ಎನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ. ನಮ್ಮಲ್ಲಿ ಆ ತಿಂಗಳು ಮದುವೆಯಿಲ್ಲ, ನಿಶ್ಚಿತಾರ್ಥವಿಲ್ಲ, ಹೊಸ ಮನೆಗೆ ಹಾಲುಕ್ಕಿಸುವುದಿಲ್ಲ. ಛತ್ರದವರು ಬಾಗಿಲು ಹಾಕಿ ಸುಣ್ಣ ಬಳಿಸುವ ಕಾಲ. ನಾನಿದ್ದ ಸ್ಥಿತಿಯಲ್ಲಿ ವಾರ ಯಾವುದೆಂದೇ ಗೊತ್ತಿರುತ್ತಿರಲಿಲ್ಲ, ಇನ್ನು ಮಾಸ ಎಲ್ಲಿಂದ ಗೊತ್ತಾಗಬೇಕು? ಆದರೂ ಆ ಬೆಳಿಗ್ಗೆ ಬೀರು ತೆರೆದು ನಿಂತಾಗ, ಯಾಕೋ, ರೇಷ್ಮೆ ಉಡುವುದು ಬೇಡ ಅನಿಸಿತು. ತೋಳು ಎತ್ತುವುದೂ ಕಷ್ಟವಾಗಿತ್ತು. ಸಾದಾ ಸೀರೆ ಒಂದನ್ನು ಹುಡುಕಿದೆ. ಮೇಲಿನ ಹಲಗೆಯಲ್ಲಿ ರೇಷ್ಮೆ, ನಡುವಿನದರಲ್ಲಿ ರೇಷ್ಮೆ ಮತ್ತು ಮದುವೆಗಳಲ್ಲಿ ಆಹೇರಿಯಾಗಿ ಬಂದು ಬಿಚ್ಚದೇ ಇಟ್ಟ ಹೊಳೆಯುವ ಸೀರೆಗಳು, ಕೆಳಗೆ ಸವೆದ ನೈಟಿಗಳು. ದಿನಾ ಉಡುತ್ತಿದ್ದ ನಾಲ್ಕು ಸೀರೆಗಳು ಯಾವಾಗಲೋ ಹರಿದು ಒರೆಸುವ ಬಟ್ಟೆಯಾಗಿದ್ದವು, ಅವುಗಳ ಜಾಗಕ್ಕೆ ನಾನು ಇನ್ನೊಂದು ತಂದಿರಲಿಲ್ಲ. ಮಂದಿಗೆ ತೋರಿಸುವುದಕ್ಕಿತ್ತು, ಯಾರೂ ನೋಡದಿರುವಾಗ ಹಾಕಲಿಕ್ಕಿತ್ತು. ಸುಮ್ಮನೆ ಬದುಕುವುದಕ್ಕೆ ಹಾಕಿಕೊಳ್ಳುವ ಒಂದು ಬಟ್ಟೆಯೂ ನನ್ನ ಬೀರುವಿನಲ್ಲಿ ಇರಲಿಲ್ಲ. ಕೈಗೆ ಸಿಕ್ಕ ನೇರಳೆ ರೇಷ್ಮೆಯನ್ನೇ ಸುತ್ತಿಕೊಂಡೆ. ಕೂದಲು ಜಡೆಗೆ ಬಗ್ಗಲಿಲ್ಲ, ಗಂಟು ಕಟ್ಟಿ ಅದರ ಮೇಲೆ ಮೊಳಗಟ್ಟಲೆ ಮಲ್ಲಿಗೆ ಸುತ್ತಿದೆ.

ಬಸ್ಸಿನಲ್ಲಿ ಜಾಗ ಸಿಕ್ಕಿತು. ಎದುರುಮನೆಯಾಕೆ ಕನ್ನಡಕ ಸರಿ ಮಾಡಿಸಲು ಬಳ್ಳಾರಿಗೆ ಹೊರಟವಳು ಅದೇ ಬಸ್ಸು ಹತ್ತಿ ನನ್ನ ಪಕ್ಕದಲ್ಲೇ ಕುಳಿತಳು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಎಂದಿನಂತೆ ಕೇಳಿದಳು, "ಎಲ್ಲಿಗೆ ಹೊಂಟೀರಿ, ಇಷ್ಟ್ ಚಂದ ಉಟ್ಕೊಂಡು?"

"ಮದುವಿಗೆ" ಎಂದೆ.

ಆಕೆ ಹುಬ್ಬು ಏರಿಸಿದಳು. "ಆಷಾಢದಾಗ ಯಾರ್ದವ್ವಾ ಮದುವಿ?"

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬಳು, "ತುರಕರದು ಇರಬೇಕು ಬಿಡ್ರಿ, ಇಲ್ಲಾಂದ್ರ ಕ್ರಿಶ್ಚನ್‌ರದು" ಎಂದು ನನಗೆ ದಾರಿ ಮಾಡಿಕೊಡಲು ನೋಡಿದಳು. ಗುಡಿಗೆ ಹೊರಟಿದ್ದೇನೆ ಎನ್ನಬಹುದಿತ್ತು. ಕೋರ್ಟಿಗೆ, ಬ್ಯಾಂಕಿಗೆ, ಫೋಟೋ ತೆಗೆಸಲು, ಏನು ಬೇಕಾದರೂ ಹೇಳಬಹುದಿತ್ತು. ಇದೆಲ್ಲ ಹೊಳೆದದ್ದು ಆಮೇಲೆ. ಸೀರೆಯ ಜರಿಯ ಒಂದೊಂದು ಎಳೆಯೂ ನನ್ನನ್ನು ಹಿಡಿದುಕೊಟ್ಟಿತು. ಎದುರುಮನೆಯಾಕೆ ಮಾತ್ರ ನಗಲಿಲ್ಲ. ಬಳ್ಳಾರಿ ಬರುವವರೆಗೆ ನಾನು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ಕುಳಿತೆ.

ನಿಲ್ದಾಣದಲ್ಲಿ ಇಳಿದು ಆಕೆಯಿಂದ ತಪ್ಪಿಸಿಕೊಂಡೆ ಎಂದು ಒಂದು ಆಟೋ ಹತ್ತಿದರೆ, ಆ ಕಡೆಯಿಂದ ಆಕೆಯೂ ಹತ್ತಿ ಕುಳಿತಳು. ಆಟೋದವನು ಎಲ್ಲಿಗೆ ಎಂದ.

"ಕಂಟೋನ್ಮೆಂಟಿಗೆ ನಡಿಯಪ್ಪಾ. ತಲಿ ಡಾಕ್ಟರ್ ತಾವ" ಎಂದಳು.

ನಾನು ಆಕೆಯ ಮುಖವನ್ನೇ ನೋಡಿದೆ. ಆಕೆ ನನ್ನ ಕಡೆ ತಿರುಗಿದಳು. "ಯಾಕ ಹಂಗ ನೋಡ್ತೀ? ತಿಂಗಳಾ ತಿಂಗಳಾ ಮದುವಿಗೆ ಹೋಗಿ ಬಂದಾಕಿ, ಒಂದ್ ದಿನಾನಾದ್ರೂ ಕೈಯಾಗ ತಾಂಬೂಲದ ಚೀಲ ಇತ್ತೇನ ನಿನ್ನ? ಒಂದ್ ತೆಂಗಿನಕಾಯಿ, ಒಂದ್ ಕುಬಸದ ಕಣ? ಎಂಥಾ ಬಡವರ ಮದುವ್ಯಾಗೂ ಹೆಣ್ಣಮಕ್ಕಳ್ನ ಬರಿಗೈಲೆ ಕಳಿಸಂಗಿಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ. ಹೋಳಿಗೆಯ ಹೂರಣದವರೆಗೆ ಸುಳ್ಳು ಹೆಣೆದವಳು ಕೈಯಲ್ಲೊಂದು ಚೀಲ ಹಿಡಿಯುವುದನ್ನು ಮರೆತಿದ್ದೆ.

"ಮತ್ತ ನಿಮ್ಮ ಬಟ್ಟಿ ಒಣಹಾಕೋ ಹಗ್ಗ ಬ್ಯಾರೆ ನೋಡ್ತೀನಿ ದಿನಾ" ಎಂದಳು. "ಬರೇ ಗಂಡನ ಅಂಗಿ, ಲುಂಗಿ. ನಿನ್ನ ಒಂದ್ ಬಟ್ಟೀನೂ ಬಿಸಿಲು ಕಂಡಿಲ್ಲ ಯುಗಾದಿಯಿಂದ. ಮದುವಿಗೆ ಉಟ್ಟಾಕಿ ಮನ್ಯಾಗ ಏನ್ ಉಡ್ತಾಳ ಅಂತ ಕಾಳಜಿ ಆತು. ನಿನ್ನ ಗಂಡನ್ನ ಕೇಳಿದೆ ಅಂಗಡಿಗೆ ಹೋಗಿ. ಗೊಬ್ಬರದ ಚೀಲದ ಮ್ಯಾಲ ಕುಂತು ಅತ್ತಬಿಟ್ಟ ನೋಡು."

ನನ್ನ ಗಂಡ ನನ್ನ ಮುಂದೆ ಒಂದು ದಿನವೂ ಅತ್ತವರಲ್ಲ. ನನಗಾಗಿ ಅವರು ಈ ಬಾಯಿಬಡುಕಿಯ ಮುಂದೆ, ಗಿರಾಕಿಗಳು ಓಡಾಡುವ ಅಂಗಡಿಯಲ್ಲಿ ಅತ್ತರು ಎಂದು ಕೇಳಿ ಆಟೋದಿಂದ ಹಾರಿಬಿಡಬೇಕು ಅನಿಸಿತು. ಸಿಟ್ಟು ಅವರ ಮೇಲೂ ಬಂತು, ಈಕೆಯ ಮೇಲೂ ಬಂತು, ಕೊನೆಗೆ ನನ್ನ ಮೇಲೆಯೇ ಬಂದು ನಿಂತಿತು.

ಡಾಕ್ಟರ ಕೋಣೆಯೊಳಕ್ಕೂ ಆಕೆ ಬಂದಳು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಡಾಕ್ಟರು ನನ್ನ ನೇರಳೆ ಸೀರೆಯನ್ನು ನೋಡಿ ಎಂದಿನಂತೆ ನಕ್ಕು, "ಬನ್ನಿ ಬನ್ನಿ, ಹೇಗಿದ್ದೀರಿ?" ಎಂದರು. ನಾನು ಆರಾಮ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎದುರುಮನೆಯಾಕೆ ಅಂದಳು, "ಡಾಕ್ಟರಮ್ಮಾರ, ಈ ಸೀರಿ ನೋಡಿ ಮೋಸ ಹೋಗಬ್ಯಾಡ್ರಿ. ಇದು ಬಸ್‌ಸ್ಟ್ಯಾಂಡಿನ ಮಂದಿಗೆ ಉಟ್ಟಿದ್ದು."

ಹಾಗೆಂದವಳೇ ನನ್ನ ಹಿಂದೆ ಬಂದು ನಿಂತು ತುರುಬಿನ ಮೇಲಿನ ಮಲ್ಲಿಗೆಯನ್ನು ಮೆಲ್ಲಗೆ ಎತ್ತಿದಳು. ಕೆಳಗೆ ನನ್ನ ಕೂದಲು ಇತ್ತು. ಬಾಚದೆ, ತೊಳೆಯದೆ, ಸಿಕ್ಕುಗಟ್ಟಿ ಒಂದು ಮುದ್ದೆಯಾಗಿ ಕುಳಿತ ಕೂದಲು. ಹೂವಿನ ವಾಸನೆ ಸರಿದ ಕೂಡಲೇ ಅದರ ವಾಸನೆ ನನಗೇ ಬಡಿಯಿತು. ಡಾಕ್ಟರಿಗೂ ಬಡಿದಿರಬೇಕು. ಮಂದಿಯ ನಡುವೆ ಸೀರೆ ಎಳೆದುಬಿಟ್ಟಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಬಗ್ಗಿದೆ. ಮೇಲೇಳಲು ಆಗಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಕುರ್ಚಿಯನ್ನು ಮೇಜಿನ ಈ ಕಡೆಗೆ ಎಳೆದುಕೊಂಡು ಕುಳಿತು, "ಮೊದಲಿನಿಂದ ಹೇಳಿ" ಎಂದರು. ಹೇಳಿದೆ. ನೈಟಿ, ಪಿನ್ನು, ಗೇಟಿಗೆ ಸಿಕ್ಕಿಸಿದ ಹಾಲು, ಬಾವಿ, ಕೆರೆ, ಫ್ಯಾನು, ಎಲ್ಲ. ಎದುರುಮನೆಯಾಕೆ ಮಲ್ಲಿಗೆ ದಂಡೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಕೆರೆಯ ಮಾತು ಬಂದಾಗ ಅವಳ ಕೈ ನನ್ನ ಬೆನ್ನ ಮೇಲೆ ಬಂತು.

ಮಾತ್ರೆಗಳು ಮೊದಲಿನ ಅಳತೆಗೆ ಮರಳಿದವು. ಇನ್ನು ಹದಿನೈದು ದಿನಕ್ಕೊಮ್ಮೆ ಬರಬೇಕು, ಗಂಡ ಜೊತೆಗಿರಬೇಕು, ಮನೆಯಲ್ಲಿ ಒಬ್ಬಳೇ ಇರಬಾರದು ಎಂದು ಹೇಳಿದರು. ಹೊರಡುವಾಗ ಡಾಕ್ಟರು, "ಬಟ್ಟೆಯ ವಿಷಯ ನಾನೇ ಅರ್ಧ ಹೇಳಿದ್ದೆ ಅನಿಸುತ್ತದೆ. ರೇಷ್ಮೆ ಬೇಕಾಗಿಲ್ಲ. ಬೆಳಿಗ್ಗೆ ಮೈ ತೊಳೆದು, ಒಗೆದ ಯಾವುದಾದರೂ ಒಂದನ್ನು ಹಾಕಿಕೊಳ್ಳಿ. ಬಾಗಿಲು ಬಡಿದರೆ ಓಡಿ ಅಡಗಿಕೊಳ್ಳುವಂತಿರಬಾರದು, ಅಷ್ಟೇ. ಆಗದ ದಿನ ಬಿಡಿ. ಇಲ್ಲಿಗೂ ಅದರಲ್ಲೇ ಬನ್ನಿ, ನನಗೆ ನೀವು ಕಾಣಬೇಕು" ಎಂದರು.

ಎದುರುಮನೆಯಾಕೆ ಕನ್ನಡಕದ ಅಂಗಡಿ ಮರೆತು ನನ್ನನ್ನು ಬೆಂಗಳೂರು ರೋಡಿನ ಒಂದು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದಳು. ದಿನಾ ಉಡುವ ನೂಲಿನ ಸೀರೆ ತೋರಿಸು ಎಂದಳು. ಅಂಗಡಿಯವನು ನನ್ನ ರೇಷ್ಮೆಯನ್ನು ನೋಡಿ ಅನುಮಾನದಿಂದಲೇ ರಾಶಿ ಹಾಕಿದ. "ಯಾವ ಕಲರ್ ಇಷ್ಟ ಅಮ್ಮಾ?" ಎಂದ. ನಾನು ಬೆಪ್ಪಾಗಿ ನಿಂತೆ. ಮದುವೆಗೆ ಯಾವ ಬಣ್ಣ, ಹಬ್ಬಕ್ಕೆ ಯಾವುದು, ಯಾವುದರಲ್ಲಿ ಕಪ್ಪಗೆ ಕಾಣುತ್ತೇನೆ, ಯಾವುದು ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಇದೆಲ್ಲ ಗೊತ್ತಿತ್ತು. ನನಗೆ ಯಾವುದು ಇಷ್ಟ ಎನ್ನುವುದು ಗೊತ್ತಿರಲಿಲ್ಲ. ನಲವತ್ತು ದಾಟಿದ ಹೆಂಗಸು ಬಟ್ಟೆ ಅಂಗಡಿಯಲ್ಲಿ ಬಣ್ಣ ಹೇಳಲಾಗದೆ ಅಳತೊಡಗಿದರೆ ಆ ಬಡಪಾಯಿ ಏನು ಮಾಡಿಯಾನು, ಚಹಾ ತರಿಸಿದ.

"ಬಣ್ಣ ಬಿಡು" ಎಂದಳು ಎದುರುಮನೆಯಾಕೆ. "ಕಣ್ಣು ಮುಚ್ಚಿ ಮುಟ್ಟಿ ನೋಡು. ಯಾವುದು ಮೆತ್ತಗ ಐತಿ ಅದನ್ನ ತಗೋ."

ಕೈಗೆ ಹಿತವಾಗಿ ಸಿಕ್ಕಿದ್ದು ಹಸಿ ಮೆಣಸಿನಕಾಯಿಯ ಬಣ್ಣದ್ದು. ಅಂಥದೇ ಮೆತ್ತನೆಯ ಇನ್ನೆರಡನ್ನು ಆಕೆಯೇ ಆರಿಸಿದಳು.

ಮನೆಯಲ್ಲಿ ಆ ಹಸಿರು ಸೀರೆ ಉಡಲು ವಾರವೇ ಹಿಡಿಯಿತು. ಅದಕ್ಕೆ ಮೊದಲು ಎದುರುಮನೆಯಾಕೆ ಮೂರು ಮಧ್ಯಾಹ್ನ ನನ್ನ ಹಿಂದೆ ಕುಳಿತು, ಎಣ್ಣೆ ಹಚ್ಚಿ, ಬೈಯುತ್ತಾ ಬೈಯುತ್ತಾ ಕೂದಲಿನ ಸಿಕ್ಕು ಬಿಡಿಸಿದಳು. ಕೆಲವು ಕಡೆ ಕತ್ತರಿಯೇ ಆಡಬೇಕಾಯಿತು. ಉಟ್ಟ ಮೊದಲ ದಿನ ಅಡಿಗೆಮನೆಯಲ್ಲಿ ನಿಂತರೆ ಕಳ್ಳತನ ಮಾಡಿದ ಹಾಗೆ ಅನಿಸುತ್ತಿತ್ತು. ಯಾರಿಗೆ ತೋರಿಸಲು ಉಟ್ಟಿದ್ದೀಯ ಎಂದು ಅವ್ವನ ದನಿ ಕಿವಿಯಲ್ಲಿ ಕೇಳುತ್ತಿತ್ತು. ಗಂಡ ಸ್ನಾನ ಮಾಡಿ ಬಂದವರು ನನ್ನನ್ನು ನೋಡಿ ಗಾಬರಿಯಾದರು. "ಇವತ್ತೇನ ಡಾಕ್ಟರ್ ದಿನ? ಇಲ್ಲಲ್ಲ? ಎಲ್ಲಿಗೆ ಹೊಂಟಿ?" ಎಂದರು. ನಮ್ಮ ಮನೆಯಲ್ಲಿ ನಾನು ಬಟ್ಟೆ ಬದಲಾಯಿಸುವುದೆಂದರೆ ಆಸ್ಪತ್ರೆ ಎಂದೇ ಆಗಿಹೋಗಿತ್ತು. ಎಲ್ಲಿಗೂ ಇಲ್ಲ, ರೊಟ್ಟಿ ಬಡೀತೀನಿ ಎಂದೆ. ಅವರು ತಟ್ಟೆ ಹಿಡಿದು ಅಲ್ಲೇ ಒಲೆಯ ಹತ್ತಿರ ಕುಳಿತು ತಿಂದರು. ಅಂಗಡಿಗೆ ತಡವಾಗಿ ಹೋದರು.

ಬಟ್ಟೆ ಬದಲಾಯಿಸಿದ್ದರಿಂದ ಗುಣವಾಯಿತು ಎಂದು ನಾನು ಹೇಳುವುದಿಲ್ಲ. ಮಾತ್ರೆ ಕೆಲಸ ಮಾಡಿತು, ದಿನಗಳು ಕೆಲಸ ಮಾಡಿದವು. ಸೀರೆ ಮಾಡಿದ್ದು ಸಣ್ಣ ಕೆಲಸ. ಅದನ್ನು ಉಟ್ಟ ದಿನ ಬಾಗಿಲು ತೆರೆಯಲು ಬರುತ್ತಿತ್ತು. ಬಾಗಿಲು ತೆರೆದರೆ ಹಾಲಿನವನ ಜೊತೆ ಒಂದು ಮಾತು. ಮಾತಾಡಿದ ದಿನ ರಾತ್ರಿ ಒಂದಿಷ್ಟು ನಿದ್ದೆ. ಆಗದ ದಿನಗಳೂ ಇದ್ದವು. ಆ ದಿನ ಕಂದು ನೈಟಿಯೇ. ಆದರೆ ಪಿನ್ನು ತೆಗೆದು ಜಿಪ್ಪು ಹಾಕಿಸಿದ್ದೆ.

ನಡುವೆ ಒಮ್ಮೆ ಸಿರುಗುಪ್ಪಕ್ಕೆ ಹೋದಾಗ ಅದೇ ಹಸಿರು ಸೀರೆಯಲ್ಲಿ ಹೋದೆ. ಅವ್ವ ಬಾಗಿಲಲ್ಲೇ ತಡೆದಳು. "ಹಿಂಗ ಬಂದಿ? ಗಂಡನ ಅಂಗಡಿ ಮುಳುಗೈತಿ ಅಂತಾರ ನೋಡಿದ ಮಂದಿ." ಒಳಗೆ ಕರೆದುಕೊಂಡು ಹೋಗಿ ಟ್ರಂಕು ತೆರೆದು, ತನ್ನದೊಂದು ಕಾಪಿಟ್ಟ ರೇಷ್ಮೆ ತೆಗೆದು ಕೊಡವಿದಳು. ಮಡಿಕೆಯುದ್ದಕ್ಕೂ ಅದು ಸೀಳಿಹೋಯಿತು. ಒಮ್ಮೆಯೋ ಎರಡು ಸಲವೋ ಉಟ್ಟದ್ದು. ಅವ್ವ ಆ ಎರಡು ತುಂಡುಗಳನ್ನು ಹಿಡಿದುಕೊಂಡು ನಿಂತಳು, ಮುಖ ಸಣ್ಣದಾಯಿತು. ನನ್ನ ಕಾಯಿಲೆಯ ವಿಷಯ ಹೇಳಬೇಕೆಂದು ಹೋದವಳು ಹೇಳಲಿಲ್ಲ. ಇನ್ನೊಂದು ಸೀರೆ ತೆಗೆದುಕೊಟ್ಟಳು, ಅದನ್ನು ಉಟ್ಟುಕೊಂಡೆ. ಅಲ್ಲಿದ್ದಷ್ಟು ಹೊತ್ತು ನಗುತ್ತಾ ಓಡಾಡಿದೆ. ವಾಪಸ್ ಬರುವ ಬಸ್ಸಿನಲ್ಲಿ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಶ್ರಾವಣ ಬಂತು, ಮದುವೆಗಳು ಮತ್ತೆ ಶುರುವಾದವು. ಡಾಕ್ಟರ ದಿನ ಗಂಡನಿಗೆ ಅಂಗಡಿಗೆ ಮಾಲು ಬರುವುದಿತ್ತು. ಒಬ್ಬಳೇ ಹೋಗಿಬರುತ್ತೇನೆ ಎಂದೆ, ಆಗಲೇ ಒಂದಿಷ್ಟು ಮೇಲೆದ್ದಿದ್ದೆ. ಬಸ್ಸಿನ ತುಂಬ ಜರಿ ಸೀರೆಗಳು, ಮಲ್ಲಿಗೆ, ಸೆಂಟು. ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ನೂಲಿನ ಸೀರೆಯನ್ನು ನೋಡಿ, "ನೀವೂ ಮದುವಿಗೇನ್ರಿ?" ಎಂದಳು. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸುಳ್ಳಿಗೆ ಈಗ ತಿಂಗಳೂ ಕೂಡಿಬಂದಿತ್ತು.

"ಅಲ್ರಿ. ಕಂಟೋನ್ಮೆಂಟಿನ ತಲಿ ಡಾಕ್ಟರ್ ತಾವ ಹೊಂಟೀನಿ. ಗುಳಿಗಿ ತರಾಕ."

ಆಕೆ ಓ ಎಂದಳು. ತನ್ನ ರೇಷ್ಮೆ ಸೆರಗನ್ನು ನನಗೆ ತಾಗದ ಹಾಗೆ ಮೆಲ್ಲಗೆ ಈಚೆ ಎಳೆದುಕೊಂಡಳು. ಸುತ್ತಲಿನವರು ನನ್ನನ್ನು ನೋಡಿದರು, ಮತ್ತೆ ನೋಡಲಿಲ್ಲ. ಸತ್ತುಹೋಗುವಷ್ಟು ನಾಚಿಕೆಯಾಯಿತು. ಯಾಕಾದರೂ ಹೇಳಿದೆನೋ ಎಂದು ಬಳ್ಳಾರಿ ಬರುವವರೆಗೆ ನನ್ನನ್ನು ನಾನೇ ಶಪಿಸಿಕೊಂಡೆ.

ಸಂಜೆ ಕುರುಗೋಡಿನಲ್ಲಿ ಇಳಿದು ನಮ್ಮ ಓಣಿಗೆ ತಿರುಗಿದರೆ ಕಟ್ಟೆಯ ಮೇಲೆ ಎದುರುಮನೆಯಾಕೆ, ಪಕ್ಕದಲ್ಲಿ ಇನ್ನೂ ಮೂರು ನಾಲ್ಕು ಹೆಂಗಸರು ಸೊಪ್ಪು ಸೋಸುತ್ತಾ ಕುಳಿತಿದ್ದರು. ಮಾತ್ರೆಯ ಪಾಕೀಟು ಅಭ್ಯಾಸದಂತೆ ಸೆರಗಿನೊಳಗೆ ಹೋಗಿತ್ತು. ಆಕೆ ಅಲ್ಲಿಂದಲೇ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು, "ಏನವ್ವಾ, ಈ ಸಲಾನಾದ್ರೂ ತಾಂಬೂಲ ಕೊಟ್ರೇನು?"

ಸೊಪ್ಪು ಸೋಸುವ ಕೈಗಳು ನಿಂತವು. ಎಲ್ಲರೂ ನನ್ನನ್ನೇ ನೋಡಿದರು. ನಾನು ಸೆರಗಿನೊಳಗಿಂದ ಔಷಧಿ ಅಂಗಡಿಯ ಪಾಕೀಟು ತೆಗೆದು, ಅವರಿಗೆಲ್ಲ ಕಾಣುವಂತೆ ಮೇಲೆತ್ತಿ ತೋರಿಸಿದೆ. ಒಳಗೆ ಮಾತ್ರೆಗಳು ಸದ್ದು ಮಾಡಿದವು.

"ಕೊಟ್ರು ನೋಡ್ರಿ" ಎಂದೆ.

ಆಕೆ ಸರಿದು ಕಟ್ಟೆಯ ಮೇಲೆ ನನಗೆ ಜಾಗ ಮಾಡಿದಳು. ನಾನು ಕುಳಿತು, ಪಾಕೀಟನ್ನು ಮಡಿಲಲ್ಲಿಟ್ಟುಕೊಂಡು ಸೊಪ್ಪು ಸೋಸತೊಡಗಿದೆ.